ಹೆಸರು ಕೆಡಿಸಿದವನ ಹೊಣೆ

ನಮ್ಮ ಭಾಷೆಯಲ್ಲಿ ‘ಹೆಸರು’ ಎಂಬ ಮಾತಿಗೆ ಎರಡು ಅರ್ಥಗಳಿವೆ. ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಹೇಳುವುದು ಒಂದು. ನಾಲ್ಕು ಜನರ ನಡುವೆ ನಡೆದುಕೊಂಡು ಸಂಪಾದಿಸುವುದು ಇನ್ನೊಂದು. ಮಲಯಾಳದ ‘ಪೇರ್’ ಕೂಡ ಹಾಗೆಯೇ. ಅವರು ‘ಪೇರುದೋಷಂ’ ಎನ್ನುವುದು ನಮ್ಮ ‘ಕೆಟ್ಟ ಹೆಸರ’ನ್ನೇ. ಮೊದಲನೆಯದನ್ನು ತಪ್ಪಾಗಿ ಬರೆದರೆ ಎರಡನೆಯದೂ ಕೆಟ್ಟುಹೋಗಬಹುದು ಎಂಬುದು ಹಲವು ವರ್ಷ ಬೇಂಕಿನ ಕೌಂಟರಿನಲ್ಲಿ ಕುಳಿತ ಮೇಲೆಯೂ ನನಗೆ ಹೊಳೆದಿರಲಿಲ್ಲ. ಹೊಳೆದದ್ದು ಹೇಗೆ ಎಂಬುದನ್ನು ಹೇಳುವುದಕ್ಕಾಗಿ ಈ ಲೇಖನ. ಬಿ.ಎ. ಓದಿದ ಒಬ್ಬ ಗುಮಾಸ್ತನಿಗೆ ಧರ್ಮಾಧರ್ಮದ ಚರ್ಚೆ ಯಾಕೆ ಎಂದು ಓದುಗರು ಕೇಳಬಹುದು. ಆದರೆ ಅಂಥ ಪ್ರಶ್ನೆಗಳು ಪಂಡಿತರ ಮನೆಯ ಬಾಗಿಲನ್ನು ಮಾತ್ರ ತಟ್ಟುವುದಿಲ್ಲ, ಕೆಲವೊಮ್ಮೆ ಟೋಕನ್ ಹಿಡಿದು ನಮ್ಮ ಕೌಂಟರಿನ ಮುಂದೆಯೂ ನಿಲ್ಲುತ್ತವೆ.

ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಒಂದು ಶಾಖೆಯಲ್ಲಿ ನನ್ನ ಕೆಲಸ. 2018ರ ಮಳೆಗಾಲದಲ್ಲಿ ನಮ್ಮೂರಿನ ಹಿರಿಯರೊಬ್ಬರು ಮಗಳ ನರ್ಸಿಂಗ್ ಓದಿಗೆ ಶಿಕ್ಷಣ ಸಾಲ ಕೇಳಿಕೊಂಡು ಬಂದರು. ಅವರನ್ನು ಇಲ್ಲಿ ನಾರಾಯಣಣ್ಣ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬೇರೆ. ಒಂದೂವರೆ ಎಕರೆ ಅಡಿಕೆ ತೋಟ, ಎರಡು ದನ, ಮಳೆಗಾಲದಲ್ಲಿ ಸೋರುವ ಒಂದು ಕೊಟ್ಟಿಗೆ, ಇಷ್ಟು ಅವರ ಆಸ್ತಿ. ನಮ್ಮಲ್ಲಿ ಬೆಳೆ ಸಾಲ ತೆಗೆದು ಒಂದು ಕಂತೂ ತಪ್ಪಿಸದೆ ಕಟ್ಟಿದವರು. ಅಂಥವರ ಸಾಲದ ಚರಿತ್ರೆಯ ವರದಿಯನ್ನು ತೆಗೆದು ನೋಡಿದರೆ ಅದರಲ್ಲಿ ಒಂದು ವಾಹನ ಸಾಲ ಬಾಕಿ! ಯಾವುದೋ ಫೈನಾನ್ಸ್ ಕಂಪೆನಿಯದು. ತಿಂಗಳುಗಟ್ಟಲೆ ಕಂತು ಕಟ್ಟಿಲ್ಲ.

“ನಾರಾಯಣಣ್ಣ, ನೀವು ಗಾಡಿ ತೆಗೆದಿದ್ದೀರಾ?” ಎಂದೆ.

“ಗಾಡಿಯಾ? ನನಗೆ ಸೈಕಲ್ ಬಿಡಲಿಕ್ಕೆ ಸಹ ಬರುವುದಿಲ್ಲ ಮಾರಾಯ.”

“ಸಿಸ್ಟಮಿನಲ್ಲಿ ಹಾಗೆ ಬರ್ತಾ ಉಂಟು. ನಾವೆಂತ ಮಾಡುವುದು?”

ಈ ಕೊನೆಯ ಮಾತನ್ನು ನಾನು ಎಷ್ಟು ಸಲೀಸಾಗಿ ಹೇಳಿದೆನೆಂದು ನೆನೆದರೆ ಈಗ ನಾಚಿಕೆಯಾಗುತ್ತದೆ. ಅದರಲ್ಲಿ ಕೋಪವಿರಲಿಲ್ಲ, ದ್ವೇಷವಿರಲಿಲ್ಲ, ಕರುಣೆಯೂ ಇರಲಿಲ್ಲ. ಮಳೆ ಬರುತ್ತದೆ, ಕರೆಂಟು ಹೋಗುತ್ತದೆ, ಸಿಸ್ಟಮಿನಲ್ಲಿ ಹಾಗೆ ಬರುತ್ತದೆ. ಎಲ್ಲವೂ ಯಾರೂ ಮಾಡದೆ ತಾನಾಗಿ ಆಗುವ ಸಂಗತಿಗಳು ಎಂಬ ಹಾಗೆ.

ಮುಂದಿನ ನಾಲ್ಕು ತಿಂಗಳು ಆ ಮನುಷ್ಯ ಪಟ್ಟ ಪಾಡನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಫೈನಾನ್ಸ್ ಕಂಪೆನಿಯವರು “ಮಾಹಿತಿ ಕಂಪೆನಿಗೆ ಬರೆಯಿರಿ” ಎಂದರು. ಮಾಹಿತಿ ಕಂಪೆನಿಯವರು “ಸಾಲ ಕೊಟ್ಟವರು ಒಪ್ಪದೆ ನಾವು ತಿದ್ದುವ ಹಾಗಿಲ್ಲ” ಎಂದರು. ನಾವು “ವರದಿ ಸರಿಯಾದ ಮೇಲೆ ಬನ್ನಿ” ಎಂದೆವು. ಮೂವರ ಮಾತೂ ನಿಯಮದ ಪ್ರಕಾರ ಸರಿಯೇ. ಆದರೆ ಮೂವರ ನಡುವೆ ಒಬ್ಬ ಮನುಷ್ಯನಿಗೆ ನಿಲ್ಲಲು ಜಾಗವಿರಲಿಲ್ಲ. ತಾನು ತೆಗೆಯದ ಸಾಲವನ್ನು ತೆಗೆದಿಲ್ಲ ಎಂದು ತೋರಿಸುವುದು ಹೇಗೆ? ಇದ್ದದ್ದಕ್ಕೆ ರಶೀದಿ ಇರುತ್ತದೆ, ಇಲ್ಲದ್ದಕ್ಕೆ ಯಾವ ರಶೀದಿ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾವು ನಗೆಯಾಡಿಕೊಂಡು ಹೇಳುತ್ತೇವೆ. ಎಮ್ಮೆಯನ್ನು ಕೇಳಿದವರಿಲ್ಲ. ಕಾಲೇಜಿನ ಶುಲ್ಕದ ಗಡು ಹತ್ತಿರ ಬಂದಾಗ ನಾರಾಯಣಣ್ಣ ನೂರಕ್ಕೆ ಎರಡರ ತಿಂಗಳ ಬಡ್ಡಿಗೆ ಒಂದು ಲಕ್ಷ ಕೈಸಾಲ ಮಾಡಿದರು.

ಒಂದು ಮಧ್ಯಾಹ್ನ ಊಟ ಮುಗಿಸಿ ಬಂದವನು ಯಾಕೋ ಅವರ ಹಳೆಯ ಖಾತೆಯ ಅರ್ಜಿಯನ್ನು ಕಪಾಟಿನಿಂದ ತೆಗೆದೆ. ಅದರಲ್ಲಿ ಕನ್ನಡದಲ್ಲಿ ಸ್ಪಷ್ಟವಾಗಿ ‘ನಾರಾಯಣ’ ಎಂದಿತ್ತು. ಕಂಪ್ಯೂಟರಿನಲ್ಲಿ ಇದ್ದದ್ದು ಇಂಗ್ಲಿಷ್ ಅಕ್ಷರಗಳಲ್ಲಿ ‘ನಾರಾಯಣನ್’. ಅರ್ಜಿಯಲ್ಲಿ ಜನ್ಮದಿನಾಂಕವಿರಲಿಲ್ಲ, ವಯಸ್ಸು ಮಾತ್ರ. ಕಂಪ್ಯೂಟರಿನಲ್ಲಿ ಜನವರಿ 1. 2007ರಲ್ಲಿ ನಮ್ಮ ಶಾಖೆಯ ಲೆಡ್ಜರುಗಳು ಕಂಪ್ಯೂಟರಿಗೆ ಹೋದಾಗ ರಾತ್ರಿ ಹತ್ತರವರೆಗೆ ಕುಳಿತು ಸಾವಿರಾರು ಹೆಸರು ಕುಟ್ಟಿದ್ದೆವು. ದಿನಾಂಕ ಗೊತ್ತಿಲ್ಲದವರೆಲ್ಲ ಆಗ ಜನವರಿ ಒಂದರಂದು ಹುಟ್ಟಿದರು. ನಾರಾಯಣಣ್ಣನಿಗೆ ಆಗ ಪಾನ್ ಕಾರ್ಡು ಇರಲಿಲ್ಲ. ಹೆಸರು, ವರ್ಷ, ದಿನಾಂಕ, ಜಿಲ್ಲೆ ಇಷ್ಟನ್ನು ಹೊಂದಿಸಿ ನೋಡಿದ ಯಂತ್ರ ಎಲ್ಲಿಯದೋ ಒಬ್ಬ ನಾರಾಯಣನ್‌ನ ವಾಹನ ಸಾಲವನ್ನು ಇವರ ಲೆಕ್ಕಕ್ಕೆ ಸೇರಿಸಿತ್ತು. ನಮೂದಿಸಿದವರ ಗುರುತಿನ ಸಂಖ್ಯೆ ನೋಡಿದೆ. ನನ್ನದೇ.

ಕೊನೆಯಲ್ಲಿ ಒಂದು ಅರ್ಧಾಕ್ಷರ, ಮಲಯಾಳದವರು ಚಿಲ್ಲಕ್ಷರ ಎನ್ನುವ ಒಂದು ‘ನ್’. ಅದರ ಬೆಲೆ ಒಬ್ಬ ಹುಡುಗಿಯ ಓದು.

ಇಲ್ಲಿ ನಾವು ಗಡಿನಾಡಿನವರು ತಟ್ಟನೆ ಇದು ಭಾಷೆಯ ಅನ್ಯಾಯ ಎನ್ನುವುದುಂಟು. ಸ್ವಲ್ಪ ನಿಜವೂ ಹೌದು. 1956ರ ನವೆಂಬರ್ 1ರ ನಂತರ ನಮ್ಮ ಎಷ್ಟೋ ಮನೆಗಳ, ಊರುಗಳ ಹೆಸರು ಕಾಗದಪತ್ರದಲ್ಲಿ ರೂಪ ಬದಲಿಸಿವೆ. 1969ರ ಕೇರಳದ ಅಧಿಕೃತ ಭಾಷೆಗಳ ಕಾಯಿದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕು ಬರೆದಿಟ್ಟಿದೆ. ಆದರೆ ಬೇಂಕಿನ ಕಂಪ್ಯೂಟರಿಗೆ ಆ ಕಾಯಿದೆ ತಿಳಿಯದು. ಆದರೂ ಈ ಪ್ರಕರಣದಲ್ಲಿ ಆ ‘ನ್’ ಸೇರಿಸಿದ ಬೆರಳು ಒಬ್ಬ ಕನ್ನಡಿಗನದು. ನನ್ನ ಪಕ್ಕದ ಕೌಂಟರಿನ ಮಲಯಾಳಿ ಸಹೋದ್ಯೋಗಿಗೆ ಇದನ್ನು ಹೇಳಿದಾಗ ಅವರು ನಕ್ಕು, ತಮ್ಮ ಮಾವ ಮಂಗಳೂರಿಗೆ ಹೋದಾಗಲೆಲ್ಲ ಅಲ್ಲಿಯವರು ಅವರ ಹೆಸರಿನ ‘ನ್’ ಕಿತ್ತು ಹಾಕುತ್ತಾರೆ ಎಂದರು. ಇಲ್ಲಿ ಅಂಟಿಸುತ್ತೇವೆ, ಅಲ್ಲಿ ಕೀಳುತ್ತಾರೆ. ತಪ್ಪು ಕನ್ನಡದ್ದಲ್ಲ, ಮಲಯಾಳದ್ದಲ್ಲ; ಹೆಸರುಳ್ಳವನನ್ನು ಒಂದು ಮಾತು ಕೇಳದೆ ಬರೆದದ್ದರದು.

ಇನ್ನು ಈ ವರದಿಗಳ ವಿಚಾರಕ್ಕೆ ಬರೋಣ. ನಮ್ಮ ದೇಶದಲ್ಲಿ ಸಿಬಿಲ್ ಎಂಬ ಸಂಸ್ಥೆ ಶುರುವಾದದ್ದು 2000ದಲ್ಲಿ. 2005ರಲ್ಲಿ ಸಾಲ ಮಾಹಿತಿ ಕಂಪೆನಿಗಳ ನಿಯಂತ್ರಣ ಕಾಯಿದೆ ಬಂತು. 2006ರ ಡಿಸೆಂಬರಿನಲ್ಲಿ ಜಾರಿಯಾಯಿತು. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಕಂಪೆನಿಗಳಿಗೆ ಬೇಂಕುಗಳು ಸಾಲಗಾರರ ಲೆಕ್ಕ ಕಳುಹಿಸುತ್ತವೆ. ನಾವು ತೆಗೆದ ಸಾಲ, ಕಟ್ಟಿದ ಕಂತು, ತಪ್ಪಿದ ಕಂತು, ಇನ್ನೊಬ್ಬರಿಗೆ ಹಾಕಿದ ಜಾಮೀನು, ಎಲ್ಲವೂ ಅಲ್ಲಿ ದಾಖಲಾಗುತ್ತವೆ. ಅದನ್ನೆಲ್ಲ ಅರೆದು 300ರಿಂದ 900ರೊಳಗಿನ ಒಂದು ಅಂಕ ತೆಗೆಯುತ್ತಾರೆ. ಹೀಗೆ ಸಂಗ್ರಹಿಸಿದ ಮಾಹಿತಿಯನ್ನು ಕಡಿಮೆಯೆಂದರೆ ಏಳು ವರ್ಷ ಇಟ್ಟುಕೊಳ್ಳಬೇಕೆಂದು ನಿಯಮವಿದೆ.

ಇದು ಕೆಟ್ಟದ್ದೇ ಎಂದು ಹೇಳಿದರೆ ನಾನು ನನ್ನ ಅನ್ನಕ್ಕೆ ಸುಳ್ಳು ಹೇಳಿದಂತೆ. ಬೇಂಕು ಕೊಡುವ ಸಾಲ ಬೇಂಕಿನ ಹಣವಲ್ಲ. ಗಂಡ ಸತ್ತ ಮೇಲೆ ಬಂದ ನಾಲ್ಕು ಕಾಸನ್ನು ಠೇವಣಿ ಇಟ್ಟ ಹೆಂಗಸಿನದು, ಗಲ್ಫಿನ ಬಿಸಿಲಲ್ಲಿ ಬೆಂದು ಕಳುಹಿಸಿದ ಹುಡುಗನದು. ಅದನ್ನು ಯಾರಿಗೆ ಕೊಡುತ್ತೇವೆಂದು ವಿಚಾರಿಸದೆ ಕೊಟ್ಟರೆ ಅದೂ ಅಧರ್ಮವೇ. ಹಿಂದಿನ ಕಾಲದ ಊರ ನೆನಪು ಇದಕ್ಕಿಂತ ಒಳ್ಳೆಯದಿತ್ತು ಎನ್ನುವವರ ಮಾತನ್ನೂ ನಾನು ಪೂರ್ತಿ ಒಪ್ಪಲಾರೆ. ಊರು ಅಜ್ಜನ ಸಾಲವನ್ನು ಮೊಮ್ಮಗನ ಮದುವೆಯಲ್ಲಿ ನೆನೆಯುತ್ತಿತ್ತು. ಜಾತಿ ನೋಡಿ ಉದ್ರಿ ಕೊಡುತ್ತಿತ್ತು, ಮನೆತನ ನೋಡಿ ನಂಬುತ್ತಿತ್ತು. ಈ ಅಂಕ ಜಾತಿ ಕೇಳುವುದಿಲ್ಲ, ಮನೆತನ ಕೇಳುವುದಿಲ್ಲ. ಬಡವನೊಬ್ಬ ಸರಿಯಾಗಿ ಕಂತು ಕಟ್ಟಿದರೆ ಧಣಿಗಳ ಮಗನಿಗಿಂತ ಮೇಲೆ ಹೋಗಬಲ್ಲ. ಅದು ಸಣ್ಣ ಮಾತಲ್ಲ.

ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಊರಿನ ಅಂಗಡಿಯವರು ತಪ್ಪು ಲೆಕ್ಕ ಬರೆದರೆ ಅಂಗಡಿಯ ಜಗಲಿಯಲ್ಲೇ ನಿಂತು “ಇದು ನನ್ನದಲ್ಲ, ಪುಸ್ತಕ ತೆಗೆಯಿರಿ” ಎನ್ನಬಹುದಿತ್ತು. ಬರೆದವನ ಮುಖ ಕಾಣುತ್ತಿತ್ತು. ಈಗ ಬರೆಯುವವನು ಒಬ್ಬ, ಇಟ್ಟುಕೊಳ್ಳುವವನು ಒಬ್ಬ, ಓದುವವನು ಮತ್ತೊಬ್ಬ. ಯಾರ ವಿಷಯ ಬರೆದಿದೆಯೋ ಅವನು ಇವರಲ್ಲಿ ಯಾರೂ ಅಲ್ಲ. ಆ ವ್ಯಾಪಾರದಲ್ಲಿ ಅವನು ಗಿರಾಕಿಯೂ ಅಲ್ಲ, ಸರಕು.

ತಾಳಮದ್ದಳೆಯ ಊರಿನಲ್ಲಿ ಬೆಳೆದ ನನಗೆ ಆಗ ನೆನಪಾದದ್ದು ದ್ರೋಣಪರ್ವ. ಅಶ್ವತ್ಥಾಮನೆಂಬ ಹೆಸರು ಇಬ್ಬರಿಗೆ: ಒಬ್ಬ ಆಚಾರ್ಯರ ಮಗ, ಇನ್ನೊಂದು ಆನೆ. ಸತ್ತದ್ದು ಆನೆ, ಶೋಕ ತಂದೆಗೆ. ಭೀಮ ಬಂದು ಹೇಳಿದಾಗ ದ್ರೋಣರು ಪೂರ್ತಿ ನಂಬಲಿಲ್ಲ, ಧರ್ಮರಾಯನನ್ನು ಕೇಳಿದರು. ಅವನು ಸುಳ್ಳು ಹೇಳುವವನಲ್ಲವೆಂದು ಮೂರು ಲೋಕಕ್ಕೆ ಗೊತ್ತಿತ್ತು. ಅದಕ್ಕೇ ಅವನ ಬಾಯಿಂದ ಬಂದ ಅರ್ಧ ಮಾತು ಪ್ರಾಣ ತೆಗೆಯಿತು. ನೆಲದಿಂದ ನಾಲ್ಕು ಅಂಗುಲ ಮೇಲೆ ಓಡುತ್ತಿದ್ದ ಅವನ ರಥ ಅಂದಿಗೆ ನೆಲಕ್ಕಿಳಿಯಿತು ಎಂದು ಅರ್ಥಧಾರಿಗಳು ಹೇಳುವಾಗ ಸಭೆ ಸ್ತಬ್ಧವಾಗುತ್ತದೆ. ನನಗೆ ತೋರುವುದು ಇಷ್ಟೆ: ಊರ ಹರಟೆಮಲ್ಲ ನಾರಾಯಣಣ್ಣ ಸಾಲ ಮುಳುಗಿಸಿದನೆಂದು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ವರದಿ ಹೇಳಿತು, ನಂಬಿದೆ. ಯಾರ ಮಾತನ್ನು ಜಗತ್ತು ಎರಡನೆಯ ಬಾರಿ ಪರೀಕ್ಷಿಸದೆ ನಂಬುತ್ತದೋ ಅವನು ಎರಡು ಬಾರಿ ಪರೀಕ್ಷಿಸಿ ಮಾತಾಡಬೇಕು. ನಂಬಿಕೆ ಹೆಚ್ಚಿದಷ್ಟೂ ಹೊಣೆ ಹೆಚ್ಚು.

ಬೇಂಕಿನವರಿಗೆ ಇದು ಹೊಸ ಪಾಠವೇನೂ ಅಲ್ಲ. ನಮ್ಮ ಇಲಾಖಾ ಪರೀಕ್ಷೆಗೆ ಓದುವವರೆಲ್ಲ ಉರು ಹೊಡೆಯುವ ಒಂದು ಇಂಗ್ಲೆಂಡಿನ ಮೊಕದ್ದಮೆ ಇದೆ: 1924ರ ಟೂರ್ನಿಯರ್ ಪ್ರಕರಣ. ಗಿರಾಕಿಯೊಬ್ಬನ ಸಾಲದ ವಿಷಯವನ್ನು, ಜೂಜಿನವರಿಗೆ ಅವನು ಹಣ ಕೊಡುತ್ತಿರಬೇಕೆಂಬ ಅನುಮಾನವನ್ನು ಬೇಂಕು ಅವನ ಧಣಿಗಳಿಗೆ ತಿಳಿಸಿತು. ಅವನ ಕೆಲಸ ಹೋಯಿತು. ಗಿರಾಕಿಯ ಗುಟ್ಟು ಕಾಯುವುದು ಬೇಂಕಿನ ಕರ್ತವ್ಯ, ಕಾನೂನಿನ ಒತ್ತಾಯ, ಸಾರ್ವಜನಿಕ ಹಿತ, ಬೇಂಕಿನ ಸ್ವಂತ ರಕ್ಷಣೆ, ಗಿರಾಕಿಯ ಒಪ್ಪಿಗೆ ಎಂಬ ನಾಲ್ಕು ಸಂದರ್ಭಗಳಲ್ಲಿ ಮಾತ್ರ ಅದನ್ನು ಬಿಡಬಹುದು ಎಂದು ನ್ಯಾಯಾಲಯ ಹೇಳಿತು. ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ. ಸಾಲದ ಮಾಹಿತಿ ಹಂಚುವುದಕ್ಕೆ ಈಗ ಕಾಯಿದೆಯ ಬಲವೇ ಇದೆ. ಆದರೆ ನಿಜವಾದ ಗುಟ್ಟನ್ನು ಹೊರಗೆ ಹೇಳಲಿಕ್ಕೇ ಇಷ್ಟು ಕಟ್ಟುಪಾಡು ಇರುವಾಗ, ಸುಳ್ಳಾದ ಗುಟ್ಟನ್ನು ಹಂಚಿದ್ದಕ್ಕೆ ಎಷ್ಟಿರಬೇಕು?

ಕಾನೂನು ಕೈಕಟ್ಟಿ ಕುಳಿತಿಲ್ಲ ಎಂಬುದನ್ನೂ ಹೇಳಬೇಕು, ಯಾಕೆಂದರೆ ನಮ್ಮ ಮನೆಗಳಲ್ಲಿ ಬಹಳ ಮಂದಿಗೆ ಇದು ತಿಳಿದಿಲ್ಲ. 2005ರ ಕಾಯಿದೆಯಲ್ಲೇ ತನ್ನ ವರದಿಯನ್ನು ನೋಡುವ, ತಪ್ಪನ್ನು ತಿದ್ದಿಸುವ ಹಕ್ಕು ಸಾಲಗಾರನಿಗಿದೆ. ತಿದ್ದಲು 30 ದಿನಗಳ ಗಡು. 2017ರ ಜನವರಿಯಿಂದ ಪ್ರತಿಯೊಂದು ಕಂಪೆನಿಯೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕಾಯಿತು. 2022ರ ಸೆಪ್ಟೆಂಬರ್ 1ರಿಂದ ಈ ಕಂಪೆನಿಗಳೂ ರಿಸರ್ವ್ ಬೇಂಕಿನ ಓಂಬಡ್ಸ್‌ಮನ್ ವ್ಯಾಪ್ತಿಗೆ ಬಂದವು. 2023ರ ಮೇ ತಿಂಗಳಲ್ಲಿ ನಮ್ಮ ಕೇರಳ ಹೈಕೋರ್ಟು, ಸಿಬಿಲ್ ಅಂಕ ಕಡಿಮೆ ಎಂಬ ಕಾರಣಕ್ಕೆ ವಿದ್ಯಾರ್ಥಿಯ ಶಿಕ್ಷಣ ಸಾಲದ ಅರ್ಜಿಯನ್ನು ತಳ್ಳಿಹಾಕಬಾರದೆಂದು ಒಂದು ಪ್ರಕರಣದಲ್ಲಿ ಹೇಳಿತು. ಅದೇ ವರ್ಷ ಅಕ್ಟೋಬರಿನಲ್ಲಿ ರಿಸರ್ವ್ ಬೇಂಕು ಹೊರಡಿಸಿದ ಆದೇಶದಂತೆ 2024ರ ಏಪ್ರಿಲಿನಿಂದ, ದೂರು ಕೊಟ್ಟ 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ಮುಂದಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ. ಆ 30ರಲ್ಲಿ ಸಾಲ ಕೊಟ್ಟವರು 21 ದಿನಗಳೊಳಗೆ ಉತ್ತರಿಸಬೇಕು. ಅವರು ತಡಮಾಡಿದರೆ ಅವರೇ ತೆರಬೇಕು. ತಿದ್ದುವುದಿಲ್ಲವೆಂದಾದರೆ ಕಾರಣ ಹೇಳಬೇಕು. ಇವುಗಳ ಜೊತೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಸೇವಾನ್ಯೂನತೆಯ ದೂರನ್ನು ಎರಡು ವರ್ಷದೊಳಗೆ ಕೊಡಬಹುದು. ವಕೀಲರಿಲ್ಲದೆಯೂ ನಿಂತು ಮಾತಾಡಬಹುದು.

ಇಷ್ಟೆಲ್ಲ ಇದ್ದೂ ನನ್ನನ್ನು ಕಾಡುವ ಪ್ರಶ್ನೆಯೊಂದು ಉಳಿಯುತ್ತದೆ. ದಿನಕ್ಕೆ 100 ರೂಪಾಯಿ ಯಾವುದರ ಬೆಲೆ? ತಡಮಾಡಿದ್ದರ ಬೆಲೆ. ತಪ್ಪು ಮಾಡಿದ್ದರ ಬೆಲೆಯಲ್ಲ. ಇಪ್ಪತ್ತೊಂಬತ್ತನೆಯ ದಿನ ತಿದ್ದಿದವನು ಏನನ್ನೂ ಕೊಡಬೇಕಾಗಿಲ್ಲ. ಆ ಇಪ್ಪತ್ತೊಂಬತ್ತು ದಿನದಲ್ಲಿ ಸೀಟು ಹೋದರೂ ಸರಿ. ನಷ್ಟ, ಮನೋವ್ಯಥೆ ಎಂದು ಕೇಳಬೇಕಾದರೆ ಆಯೋಗದ ಮೆಟ್ಟಲು ಹತ್ತಬೇಕು. ಹತ್ತಬೇಕಾದವನು ಕೂಲಿ ಬಿಟ್ಟು, ಬಸ್ಸು ಹಿಡಿದು, ತನಗೆ ಬಾರದ ಭಾಷೆಯ ಫಾರಂ ತುಂಬಬೇಕು. ತಪ್ಪು ಮಾಡಿದವನು ಫೇನಿನ ಕೆಳಗೆ ಕುಳಿತಿರುತ್ತಾನೆ. ಇದನ್ನು ನಾನು ಫೇನಿನ ಕೆಳಗೆ ಕುಳಿತೇ ಬರೆಯುತ್ತಿದ್ದೇನೆ.

ಇನ್ನು ನನ್ನ ಕತೆಯ ಕೆಟ್ಟ ಭಾಗ. ಆ ಮಧ್ಯಾಹ್ನ ನನ್ನ ತಪ್ಪು ನನಗೆ ಗೊತ್ತಾಯಿತಷ್ಟೆ? ನಾನು ಮಾಡಿದ್ದೇನೆಂದರೆ, ಸದ್ದಿಲ್ಲದೆ ಹೆಸರು ಮತ್ತು ದಿನಾಂಕ ಸರಿಪಡಿಸುವ ಕಾಗದ ತಯಾರಿಸಿ ಮೆನೇಜರರ ಸಹಿ ಹಾಕಿಸಿದೆ. ಮಾಹಿತಿ ಕಂಪೆನಿಗೆ, ಫೈನಾನ್ಸ್ ಕಂಪೆನಿಗೆ ಪತ್ರ ಹೋಯಿತು. ವರದಿ ಸರಿಯಾಯಿತು. ಸಾಲವೂ ಮಂಜೂರಾಯಿತು. ನಾರಾಯಣಣ್ಣ ನನ್ನ ಕೈಹಿಡಿದು, “ನಿನ್ನಿಂದ ಉಪಕಾರವಾಯಿತು ಮಾರಾಯ” ಎಂದರು. ನಾನು ಆ ಮಾತನ್ನು ಇಟ್ಟುಕೊಂಡೆ.

ತಪ್ಪಿಗೂ ಸುಳ್ಳಿಗೂ ಎಲ್ಲಿ ಗಡಿ? ರಾತ್ರಿ ಹತ್ತು ಗಂಟೆಗೆ ತೂಕಡಿಸುತ್ತ ಕುಟ್ಟಿದ ‘ನ್’ ಒಂದು ತಪ್ಪು. ಅದರ ಹಿಂದೆ ಕೆಡುಕಿನ ಮನಸ್ಸಿರಲಿಲ್ಲ. ಯಾವ ದೇವರೂ ಅದಕ್ಕೆ ನನ್ನನ್ನು ಶಿಕ್ಷಿಸಲಾರ. ಆದರೆ ಗೊತ್ತಾದ ಮೇಲೆ ಬಾಯಿ ಮುಚ್ಚಿ, ಉಪಕಾರಿ ಎಂಬ ಹೆಸರನ್ನೂ ಪಡೆದೆನಲ್ಲ, ಆಗ ಆ ತಪ್ಪು ಸುಳ್ಳಾಯಿತು. ತಿಳಿಯದೆ ಬರೆದದ್ದು ತಪ್ಪು, ತಿಳಿದೂ ಮುಚ್ಚಿಟ್ಟದ್ದು ಸುಳ್ಳು. ಕಂಪೆನಿಗಳ ಮೇಲೆ ಮೊಕದ್ದಮೆ ಹೂಡುವಾಗಲೂ ನಾವು ಕೇಳಬೇಕಾದದ್ದು ಇದೇ ಎಂದು ನನಗೆ ಅನಿಸುತ್ತದೆ: ತಪ್ಪು ಆದದ್ದು ಹೇಗೆ ಎಂಬುದಕ್ಕಿಂತ, ತಿಳಿದ ದಿನದಿಂದ ಮುಂದೆ ನೀವೇನು ಮಾಡಿದಿರಿ? ತಿದ್ದುವುದು ಸಾಲದು, ತಿದ್ದಿದ್ದೇವೆ, ತಪ್ಪು ನಮ್ಮದು ಎಂದು ಆ ಮನುಷ್ಯನಿಗೆ ಹೇಳಬೇಕು. ಯಾಕೆಂದರೆ ವರದಿಯಲ್ಲಿ ಹೋದ ಹೆಸರು ವರದಿಯಲ್ಲಿ ಬಂದರೂ, ಆ ನಾಲ್ಕು ತಿಂಗಳಲ್ಲಿ ಊರವರ ಕಿವಿಗೆ ಬಿದ್ದದ್ದನ್ನು ತಿದ್ದುವ ಫಾರಂ ಇಲ್ಲ.

ಹೇಳಲು ನನಗೆ ಎರಡು ವರ್ಷ ಬೇಕಾಯಿತು. ಒಂದು ಭಾನುವಾರ ಅವರ ಮನೆಗೆ ಹೋದೆ. ಅಡಿಕೆ ಸುಲಿಯುತ್ತಿದ್ದರು. ಎಲ್ಲವನ್ನೂ ಹೇಳಿದೆ. ಅವರು ಕತ್ತಿಯಿಂದ ಕಣ್ಣು ತೆಗೆಯದೆ ಕೇಳಿದರು. “ಹೇಳಿದೆಯಲ್ಲ, ಒಳ್ಳೆಯದಾಯಿತು” ಎಂಬ ಮಾತು ಬರುತ್ತದೆಂದು ಕಾದೆ. ಬರಲಿಲ್ಲ.

“ನಾಲ್ಕು ತಿಂಗಳ ಬಡ್ಡಿ ಕಟ್ಟಿದ್ದು ನಾನು” ಎಂದರು. “ಲಕ್ಷಕ್ಕೆ ತಿಂಗಳಿಗೆ ಎರಡು ಸಾವಿರ. ಎಂಟು ಸಾವಿರ ಆಗ್ತದೆ. ನೀನು ಲೆಕ್ಕದವನು, ಸರಿಯಾ ನೋಡು.”

ಸರಿ ಇತ್ತು. ಮುಂದಿನ ತಿಂಗಳ ಸಂಬಳ ಬಂದ ಮೇಲೆ ಹಣ ತೆಗೆದುಕೊಂಡು ಹೋದೆ. ಅವರು ಬೇಡವೆನ್ನಲಿಲ್ಲ. ಬೆರಳಿಗೆ ಎಂಜಲು ಹಚ್ಚಿ ಎರಡು ಸಲ ಎಣಿಸಿದರು. ಮಗಳನ್ನು ಕರೆದು ನೋಟ್ ಪುಸ್ತಕದ ಒಂದು ಹಾಳೆ ಹರಿಸಿ, “ಎಂಟು ಸಾವಿರ ರೂಪಾಯಿ ಸಂದಿದೆ, ಈ ಬಾಬ್ತು ಬಾಕಿ ಇಲ್ಲ” ಎಂದು ಕನ್ನಡದಲ್ಲಿ ಬರೆಯಿಸಿ ಕೆಳಗೆ ಸಹಿ ಹಾಕಿ ಕೊಟ್ಟರು. ಸಹಿಯಲ್ಲಿ ‘ನ್’ ಇರಲಿಲ್ಲ. ಆಮೇಲೆ ಕಾಫಿ ಬಂತು, ಮಗಳ ಓದಿನ ಸುದ್ದಿ ಮಾತಾಡಿದೆವು.

ಅವರು ಕ್ಷಮಿಸಿದರೋ ಇಲ್ಲವೋ ನಾನು ಕೇಳಲಿಲ್ಲ. ಆದರೆ ಕ್ಷಮೆಗಿಂತ ಆ ರಶೀದಿಯೇ ದೊಡ್ಡದೆಂದು ಈಗ ಕಾಣುತ್ತದೆ. ಕ್ಷಮಿಸಿದ್ದರೆ ನಾನು ಅವರ ದೊಡ್ಡತನದ ಸಾಲಗಾರನಾಗಿ ಉಳಿಯುತ್ತಿದ್ದೆ. ಅವರು ನನ್ನ ತಪ್ಪಿಗೆ ಒಂದು ಲೆಕ್ಕ ಹಾಕಿ, ಸಂದಾಯ ಪಡೆದು, ಮುಗಿಸಿ ಕೊಟ್ಟರು. ನಾವು ಅವರಿಗೆ ಮಾಡಬೇಕಾಗಿದ್ದದ್ದು, ಮಾಡದೆ ಹೋದದ್ದು ಅಷ್ಟೇ ಅಲ್ಲವೇ?

ಈಗ ಕೌಂಟರಿಗೆ ಹೊಸಬರು ಬಂದರೆ ಅವರ ಹೆಸರನ್ನು ಬರೆದು, ಪರದೆಯನ್ನು ಅವರ ಕಡೆ ತಿರುಗಿಸಿ, “ಹೀಗೆಯೇ ತಾನೆ?” ಎಂದು ಕೇಳುತ್ತೇನೆ. ಸಾಲಿನಲ್ಲಿ ಹಿಂದೆ ನಿಂತವರು ಗೊಣಗುತ್ತಾರೆ. ಗೊಣಗಲಿ. ಓದುಗರಲ್ಲಿ ನನ್ನದೊಂದು ವಿನಂತಿ: ನಿಮ್ಮ ಮನೆಯ ಹಿರಿಯರ ಪಾಸ್ ಪುಸ್ತಕ, ಆಧಾರ್, ರೇಷನ್ ಕಾರ್ಡುಗಳನ್ನು ಒಂದು ದಿನ ಒಟ್ಟಿಗೆ ಇಟ್ಟು ಹೆಸರುಗಳನ್ನು ಹೋಲಿಸಿ ನೋಡಿ. ವರ್ಷಕ್ಕೊಮ್ಮೆ ಅವರ ಸಾಲದ ವರದಿ ತೆಗೆಸಿ ಓದಿ ಹೇಳಿ. ತಪ್ಪಿದ್ದರೆ ಬರವಣಿಗೆಯಲ್ಲಿ ದೂರು ಕೊಡಿ, ತಾರೀಕು ಹಾಕಿದ ರಶೀದಿ ಕೇಳಿ. ಕೌಂಟರಿನಲ್ಲಿ ಕುಳಿತವನು “ಸಿಸ್ಟಮಿನಲ್ಲಿ ಹಾಗೆ ಬರ್ತಾ ಉಂಟು” ಎಂದರೆ, ಸಿಸ್ಟಮಿಗೆ ಅದನ್ನು ಹೇಳಿದವರು ಯಾರು ಎಂದು ಕೇಳಲು ಹಿಂಜರಿಯಬೇಡಿ.